ತುದಿ ಮುಟ್ಟದೆ ಇಳಿದ ದಿನ

ಕೇಳುಗರಿಗೆ ನಮಸ್ಕಾರ.

ನಮ್ಮ ನಾಯಿ ಕರಿಯನ ಜೊತೆ ನಾನು ಹಲವು ಬೆಟ್ಟ ಹತ್ತಿದ್ದೇನೆ. ಇವತ್ತು ಹೇಳುವುದು ಅರ್ಧಕ್ಕೆ ಬಿಟ್ಟು ವಾಪಸ್ ಬಂದ ಒಂದು ಬೆಟ್ಟದ ವಿಷಯ.

ಅವತ್ತು ಬೆಳಕು ಹರಿಯುವಾಗಲೇ ಕಾಲುದಾರಿ ಹಿಡಿದಿದ್ದೆವು. ತರಗೆಲೆ ಇಬ್ಬನಿಗೆ ನೆನೆದು ಮೆತ್ತಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ಕರಿಯ ನಿಲ್ಲುತ್ತಿದ್ದ. ಒಂದು ಬೇರು, ಒಂದು ಪೊದೆ, ಯಾವುದೋ ಪ್ರಾಣಿ ರಾತ್ರಿ ಕೆದಕಿದ ಮಣ್ಣು. ಮೊದಮೊದಲು ನಾನು "ಬಾರೋ, ಹೊತ್ತಾಯಿತು" ಅಂತ ಹಗ್ಗ ಎಳೆಯುತ್ತಿದ್ದೆ. ಈಗ ಎಳೆಯುವುದಿಲ್ಲ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 50-60 ಲಕ್ಷ ಇದ್ದರೆ, ನಾಯಿಯ ಮೂಗಿನಲ್ಲಿ 10 ಕೋಟಿಗೂ ಜಾಸ್ತಿ. ನಾನು ಬೆಟ್ಟ ನೋಡಲು ಹೋಗಿದ್ದೆ, ಅವನು ಮೂಸಲು ಬಂದಿದ್ದ. ಅವನ ಪಾಲನ್ನು ಅವನಿಗೆ ಬಿಡಬೇಕಲ್ವಾ?

ಆದರೆ ಹಗ್ಗವನ್ನು ಮಾತ್ರ ಬಿಚ್ಚುವುದಿಲ್ಲ. ಮನೆಯಲ್ಲಿ ಹೇಳಿದ ಮಾತು ಕೇಳುವ ನಾಯಿಗೂ ಎದುರಿಗೆ ಮೊಲ ಓಡಿದರೆ ಕಿವಿ ಕೇಳಿಸುವುದಿಲ್ಲ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿರುತ್ತವೆ. ನಾಯಿಯ ರೋಗಗಳು ಕಾಡಿಗೂ ಹರಡುತ್ತವೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ರೋಗಕ್ಕೆ ಮೂರರಲ್ಲಿ ಒಂದು ಪಾಲು ಸಿಂಹಗಳು ಸತ್ತವು. ಸುತ್ತಲಿನ ಊರುಗಳ ನಾಯಿಗಳಿಂದ ಅದು ಬಂದಿರಬೇಕು ಅಂತ ವಿಜ್ಞಾನಿಗಳು ಹೇಳಿದರು. ಎಷ್ಟೋ ಕಾಡುಗಳಲ್ಲಿ ನಾಯಿಗೆ ಪ್ರವೇಶ ಇಲ್ಲದಿರುವುದು ಸುಮ್ನೆ ಅಲ್ಲ. ಹೊರಡುವ ಮೊದಲು ಕೇಳಿಕೊಳ್ಳಿ. ಲಸಿಕೆ ಬಾಕಿ ಇದ್ದರೆ ಹೊರಡಲೇಬೇಡಿ.

ಬಿಸಿಲು ಏರಿತು. ಮರಗಳು ಮುಗಿದು ಬರೀ ಬಂಡೆ ಶುರುವಾಯಿತು. ತುದಿ ಕಣ್ಣಿಗೆ ಕಾಣುತ್ತಿತ್ತು. ಅಷ್ಟು ಹೊತ್ತೂ ಮುಂದೆ ಇದ್ದ ಕರಿಯ ನನ್ನ ಹಿಂದೆ ಬರತೊಡಗಿದ. ನಾನು ಗಮನಿಸಲಿಲ್ಲ. ತಿರುಗಿ ನೋಡಿದಾಗ ಒಂದು ಕಲ್ಲಿನ ಸಣ್ಣ ನೆರಳಿನಲ್ಲಿ ಮಲಗಿಬಿಟ್ಟಿದ್ದ. ನಾಲಿಗೆಯ ತುದಿ ಸೌಟಿನ ಹಾಗೆ ಅಗಲವಾಗಿ ಜೋತಿತ್ತು. ಜೊಲ್ಲು ಅಂಟಂಟಾಗಿತ್ತು. ಒಸಡು ಕೆಂಪಗಾಗಿತ್ತು. ಕರೆದೆ. ಎದ್ದು ನಿಲ್ಲಲು ನೋಡಿದ! ಆ ಸ್ಥಿತಿಯಲ್ಲೂ ನನ್ನ ಜೊತೆ ಬರಲು ಹೊರಟಿದ್ದ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ. ಅಂಗಾಲಿನಲ್ಲಿ ಸ್ವಲ್ಪ ಬೆವರುತ್ತದೆ, ಉಳಿದ ಬಿಸಿಯನ್ನೆಲ್ಲ ತೇಕಿಯೇ ಹೊರಹಾಕಬೇಕು. ಅದರ ಮೈಯ ಬಿಸಿ ಮಾಮೂಲಿಯಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ಮೂಗು ಚಪ್ಪಟೆ ಇರುವ ತಳಿಗಳಿಗೆ ಇನ್ನೂ ಕಷ್ಟ. ಅವನ್ನು ಬಿಸಿಲಿನಲ್ಲಿ ಬೆಟ್ಟ ಹತ್ತಿಸುವುದು ತಪ್ಪು ಅಂತಲೇ ನಾನು ಹೇಳುತ್ತೇನೆ.

ಅವನನ್ನು ಎತ್ತಿಕೊಂಡು ಮರಗಳ ನೆರಳಿಗೆ ಇಳಿದೆ. ಬಾಟಲಿಯ ನೀರನ್ನು ಹೊಟ್ಟೆಗೆ, ತೊಡೆಸಂದಿಗೆ ಸುರಿದೆ. ಟೋಪಿಯಿಂದ ಗಾಳಿ ಹಾಕಿದೆ. ಒದ್ದೆ ಬಟ್ಟೆ ಹೊದಿಸಿಡಬಾರದು, ಬಿಸಿ ಒಳಗೇ ಉಳಿಯುತ್ತದೆ. ಕುಡಿಯಲು ಸ್ವಲ್ಪಸ್ವಲ್ಪವೇ ಕೊಟ್ಟೆ. ತುಂಬಾ ಹೊತ್ತಿನ ಮೇಲೆ ತೇಕು ಇಳಿಯಿತು. ಬಾಲ ಒಂದು ಸಲ ನೆಲಕ್ಕೆ ಬಡಿಯಿತು.

ತುದಿಯ ಕಡೆ ನಾನು ನೋಡಲಿಲ್ಲ. ನಿಧಾನವಾಗಿ ಇಳಿದೆವು. ನಾಯಿಯ ಭಾರ ಮುಂಗಾಲಿನ ಮೇಲೇ ಜಾಸ್ತಿ, ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಆಗಾಗ ಕೂತೆವು. ನೇರವಾಗಿ ಪಶುವೈದ್ಯರ ಹತ್ತಿರ ಹೋದೆ. ಮೇಲೆ ಚೇತರಿಸಿಕೊಂಡ ಹಾಗೆ ಕಂಡರೂ ಒಳಗೆ ಮೂತ್ರಪಿಂಡಕ್ಕೆ ಏಟು ಬಿದ್ದಿರಬಹುದು. ಅವನಿಗೆ ಏನೂ ಆಗಿರಲಿಲ್ಲ. ರಾತ್ರಿ ಕಿವಿಯ ಹಿಂದೆ, ಬೆರಳುಗಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಹುಡುಕಿ ಮೂರು ಉಣ್ಣಿ ತೆಗೆದೆ. ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ ನೇರವಾಗಿ ಎಳೆಯಬೇಕು.

ಈಗ ಹಿಂದೆ ತಿರುಗಿ ನೋಡುತ್ತಲೇ ನಡೆಯುತ್ತೇನೆ. ಬಂಡೆಯ ಮೇಲೆ ಅಂಗೈ ಊರಿ ನೋಡುತ್ತೇನೆ. 7 ಸೆಕೆಂಡು ಇಡಲಾಗದಿದ್ದರೆ ಅವನ ಅಂಗಾಲಿಗೂ ಆ ಬಂಡೆ ಬೇಡ.

ಚಳಿಗಾಲ ಬಂದ ಮೇಲೆ ಅದೇ ಬೆಟ್ಟಕ್ಕೆ ಮತ್ತೆ ಹೋದೆವು. ಈ ಸಲ ತುದಿ ತಲುಪಿದೆವು. ಕೆಳಗೆ ಕಾಡೆಲ್ಲ ಮಂಜಿನಲ್ಲಿ ಮುಳುಗಿತ್ತು. ಕರಿಯ ಅತ್ತ ತಲೆ ಎತ್ತಿಯೂ ನೋಡಲಿಲ್ಲ. ಒಂದು ಬಂಡೆಯ ಬಿರುಕಿಗೆ ಮೂಗು ತೂರಿಸಿ ನಿಂತಿದ್ದ. ಅವನು ಮೂಸಿ ಮುಗಿಸುವ ತನಕ ನಾನು ಹಗ್ಗ ಸಡಿಲ ಬಿಟ್ಟು ಅಲ್ಲೇ ಕೂತೆ.

ನಮಸ್ಕಾರ.