ದೇವರ ಕರೆಗೂ ವೀಸಾ ಬೇಕಾ?

ನಮಸ್ಕಾರ. ಇವತ್ತು ಬೈಸಿಕೊಳ್ಳುವ ವಿಷಯ ಎತ್ತಿಕೊಂಡಿದ್ದೇನೆ. ನಮ್ಮ ಚರ್ಚಿನವರೇ ಬೈಯಬಹುದು. ಬೈಯಲಿ.

ಚರ್ಚಿನ ಕಡೆಯಿಂದ ಸೇವೆಗೆ ಅಂತ ಹೊರದೇಶಕ್ಕೆ ಮಿಷನ್ ಟ್ರಿಪ್ ಹೋಗಿ ಬಂದವರು ಭಾನುವಾರದ ಪೂಜೆ ಮುಗಿದ ಮೇಲೆ ಮೈಕ್ ಮುಂದೆ ನಿಂತು ಸಾಕ್ಷಿ, ಅಂದರೆ ತಮ್ಮ ಅನುಭವ, ಹೇಳುವುದನ್ನು ನೀವು ಕೇಳಿರಬಹುದು. ಮಾತು ಹೆಚ್ಚು ಕಡಿಮೆ ಒಂದೇ. "ಅವರ ಹತ್ತಿರ ಏನೂ ಇಲ್ಲ, ಆದರೂ ಎಷ್ಟು ನಗುತ್ತಾರೆ! ನನಗೆ ದೈವಕರೆ ಸಿಕ್ಕಿದ್ದು ಅಲ್ಲೇ." ಆಮೇಲೆ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡ ಫೋಟೋ. ಆಮೇಲೆ ಚಪ್ಪಾಳೆ. ಕೆಲವು ವರ್ಷದ ಹಿಂದೆ ನಾನೂ ಶಿವಮೊಗ್ಗದಲ್ಲಿ ಹಾಗೇ ನಿಂತು ಇದನ್ನೇ ಹೇಳಿದ್ದೆ. ಚಪ್ಪಾಳೆ ನನಗೂ ಬಿತ್ತು. ಬಡವರ ನಗು ನೋಡಲಿಕ್ಕೆ ಉಗಾಂಡಾ ತನಕ ಹೋಗಬೇಕಿತ್ತಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಅಮ್ಮ ಕೇಳಿದರು. ಕೊಂಕಣಿಯಲ್ಲಿ ಕೇಳಿದ್ದರಿಂದ ಖಾರ ಸ್ವಲ್ಪ ಜಾಸ್ತಿಯೇ ಇತ್ತು.

ನನ್ನ ಕಥೆ ಚಿಕ್ಕದು. ಅಜ್ಜ ಲಿಂಗನಮಕ್ಕಿ ಡ್ಯಾಂ ಕೆಲಸಕ್ಕೆ ಅಂತ ಘಟ್ಟ ಹತ್ತಿ ಬಂದವರು. ಡ್ಯಾಂ 1964ರಲ್ಲಿ ಮುಗಿಯಿತು, ಅಜ್ಜ ಮಾತ್ರ ಘಟ್ಟ ಇಳಿಯಲಿಲ್ಲ. ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು, ಎಲ್ಲ ಅಡಿಕೆಯ ಬಗೆಗಳೇ. ಇಪ್ಪತ್ತಾರನೇ ವಯಸ್ಸಿಗೆ ಈ ಲೆಕ್ಕದ ಪುಸ್ತಕ ನೋಡಿದರೆ ಹೊಟ್ಟೆ ತೊಳಸುತ್ತಿತ್ತು. ನಾನು ಹುಟ್ಟಿದ್ದು ಗೊರಬಲಿನ ಲೆಕ್ಕ ಇಡಲಿಕ್ಕಾ? ಹಾಗೆ ಅನಿಸುತ್ತಿದ್ದ ಹೊತ್ತಿಗೇ ಯುವಜನರ ಗುಂಪಿನಿಂದ ಉಗಾಂಡಾ ಟ್ರಿಪ್ ಹೊರಟಿತು. ಮೂರು ವಾರ. ಉಳಿಸಿದ್ದ ದುಡ್ಡೆಲ್ಲ ಹಾಕಿ ಹೆಸರು ಕೊಟ್ಟೆ.

ಬೆಂಗಳೂರಿಗೆ ಹೋಗಿ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡೆವು. ಅದನ್ನು ಹಾಕಿಸಿ ಹತ್ತು ದಿನ ಆಗದೆ ಸರ್ಟಿಫಿಕೇಟ್ ನಡೆಯುವುದಿಲ್ಲ. ಎಂಟೆಬೆಯಲ್ಲಿ ಇಳಿದು ಮಸಾಕಾ ರಸ್ತೆ ಹಿಡಿದರೆ ದಾರಿಯಲ್ಲಿ ಭೂಮಧ್ಯರೇಖೆ ದಾಟುತ್ತದೆ. ಎಲ್ಲರೂ ಇಳಿದು ಫೋಟೋ ತೆಗೆಸಿಕೊಂಡೆವು, ಬಿಡಿ. ನನಗೆ ಆಶ್ಚರ್ಯ ಆಗಿದ್ದು ಅದಲ್ಲ. ಮನೆಗಳ ಅಂಗಳದಲ್ಲಿ ರೋಬಸ್ಟಾ ಕಾಫಿ ಒಣಗಿಸಿದ್ದರು. ಬಾಳೆತೋಟ, ಕೆಂಪು ಮಣ್ಣು, ಕಾಫಿ. ಕೊಪ್ಪದ ಕಡೆ ಯಾರದೋ ಮನೆಗೆ ಊಟಕ್ಕೆ ಹೊರಟ ಹಾಗಿತ್ತು.

ಅಲ್ಲಿ ನಮಗೆ ಕೊಟ್ಟ ಕೆಲಸ ಶಾಲೆ ಗೋಡೆಗೆ ಬಣ್ಣ ಹೊಡೆಯುವುದು. ಆರು ಜನ, ಮೂರು ದಿನ. ಊರಿನ ಪೇಂಟರ್ ಒಬ್ಬ ದಿನಾ ಬಂದು ಕೈಕಟ್ಟಿ ನಿಂತು ನೋಡುತ್ತಿದ್ದ. ಕೂಲಿ ಕೊಟ್ಟಿದ್ದರೆ ಒಂದೂವರೆ ದಿನದಲ್ಲಿ ಮುಗಿಸುತ್ತಿದ್ದ ಅಂತ ಈಗ ಅನಿಸುತ್ತದೆ. ಆಗ ಮಾತ್ರ ಬ್ರಷ್ ಹಿಡಿದಾಗೆಲ್ಲ ಕಣ್ಣಲ್ಲಿ ನೀರು. ಇದೇ ನನ್ನ ಕರೆ, ಇಲ್ಲೇ ಇದ್ದುಬಿಡುತ್ತೇನೆ ಅಂತ ಡೈರಿಯಲ್ಲಿ ಬರೆದುಕೊಂಡೆ. ಆ ಡೈರಿ ಯಾರಿಗೂ ಸಿಗದ ಹಾಗೆ ಇಟ್ಟಿದ್ದೇನೆ.

ಹನ್ನೆರಡನೇ ದಿನ ಜ್ವರ ಬಂತು.

ಜ್ವರ ಅಂದರೆ ಮಲೆನಾಡಿನವರಿಗೆ ಹೊಸದಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರನ್ನೇ ಹೊತ್ತ ಒಂದು ಜ್ವರ 1957ರಿಂದ ನಮ್ಮ ಜೊತೆಗಿದೆ. ಉಣುಗು ಕಚ್ಚಿತಾ ಅಂತ ಮೈಯೆಲ್ಲ ಹುಡುಕಿಕೊಂಡೆ. ಉಗಾಂಡಾದಲ್ಲಿ ಕೂತು ಮಂಗನ ಕಾಯಿಲೆ ಹುಡುಕುವ ಬುದ್ಧಿ ನನ್ನದು. ಮಲೇರಿಯಾ ಅದು. ತಡೆಯಲಿಕ್ಕೆ ಕೊಟ್ಟಿದ್ದ ಮಾತ್ರೆಯನ್ನು ನಡುವೆ ನಾಲ್ಕು ದಿನ ಮರೆತಿದ್ದೆ.

ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದವರು ಅಲ್ಲಿಯ ಚರ್ಚಿನ ಉಪದೇಶಿ, ಐವತ್ತು ದಾಟಿದ ಹೆಂಗಸು. ಗೋಡೆ ಮೇಲೆ ಬರೆದದ್ದು ನನಗೆ ಓದಲಿಕ್ಕೆ ಬರುವುದಿಲ್ಲ. ಯಾವ ಸಾಲಿನಲ್ಲಿ ನಿಲ್ಲಬೇಕೋ ಗೊತ್ತಿಲ್ಲ. ನರ್ಸ್ ಕೇಳಿದ್ದಕ್ಕೆಲ್ಲ ಸುಮ್ನೆ ತಲೆ ಆಡಿಸುತ್ತಿದ್ದೆ. ಅವರು ನನ್ನ ಕೈ ಹಿಡಿದು ಒಂದೊಂದೇ ಬಾಗಿಲಿಗೆ ಕರೆದೊಯ್ದರು. ಚೀಟಿ ಮಾಡಿಸಿದರು, ಬೆರಳು ಚುಚ್ಚುವಾಗ ಪಕ್ಕದಲ್ಲಿ ನಿಂತರು. ಮಾತ್ರೆ ಮೂರು ದಿನ, ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು ಅಂತ ಮುರುಕು ಇಂಗ್ಲಿಷಿನಲ್ಲಿ, ಬೆರಳೆಣಿಸಿ ತಿಳಿಸಿದರು. ಹೊರಗೆ ರೋಗಿಗಳ ಕಡೆಯವರು ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಅಲ್ಲಿಂದ ಒಂದು ಲೋಟ ಗಂಜಿ ತಂದುಕೊಟ್ಟರು. ಕುಡಿದರೆ ನಮ್ಮ ರಾಗಿ ಗಂಜಿ! ರಾಗಿಯ ತವರು ಪೂರ್ವ ಆಫ್ರಿಕಾ ಅಂತ ಆಮೇಲೆ ಓದಿ ತಿಳಿದೆ. ವೆಬಾಲೆ ಅಂದೆ. ಅಂದರೆ ಥ್ಯಾಂಕ್ಸ್. ನನಗೆ ಗೊತ್ತಿದ್ದ ಲುಗಾಂಡಾ ಅಷ್ಟೇ. ನಾನು ಸೇವೆ ಮಾಡಲಿಕ್ಕೆ ಹೋದವನು, ನೆನಪಿರಲಿ.

ಆ ಬೆಂಚಿನ ಮೇಲೆ ಮಲಗಿದ್ದಾಗ ಕಣ್ಣೀರೂ ಬರಲಿಲ್ಲ, ರೋಮಾಂಚನವೂ ಆಗಲಿಲ್ಲ. ಒಂದೇ ಯೋಚನೆ. ಹೊಸನಗರದಿಂದಲೋ ಬಿದನೂರು ನಗರದಿಂದಲೋ ಮೊದಲ ಬಸ್ಸಿಗೆ ಹೊರಟು ನಮ್ಮೂರಿನ ದೊಡ್ಡಾಸ್ಪತ್ರೆಗೆ ಬಂದು, ಚೀಟಿ ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆಯುವ ಅಜ್ಜ ಇರುತ್ತಾನಲ್ಲ, ಅವನು ನಾನೇ ಈಗ. ಅವನ ಕೈ ಯಾರು ಹಿಡಿಯುತ್ತಾರೆ?

ನನ್ನ ಅಭಿಪ್ರಾಯ ಇಷ್ಟೇ. ಕರೆ ಅಂದರೆ ಇನ್ನೊಬ್ಬರು ಕರೆಯುವುದು. ನಮ್ಮೊಳಗೆ ಉಕ್ಕುವ ಖುಷಿಗೆ ನಾವೇ ಕರೆ ಅಂತ ಹೆಸರಿಟ್ಟುಕೊಳ್ಳುತ್ತಿದ್ದೇವೆ. ಮಲೆನಾಡಿನಲ್ಲಿ ಮದುವೆ ಅಂದರೆ ಮನೆಮನೆಗೆ ಬಂದು ಕರೆಯುತ್ತಾರೆ, ಅಲ್ವಾ? ಕರೆಯದೆ ಹೋದವನಿಗೆ ಏನು ಮಾಡಬೇಕು ಅಂತ ಹಳೇ ಮಾತೊಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಆ ಶಾಲೆಯ ಗೋಡೆ ನಮ್ಮನ್ನು ಕರೆದಿರಲಿಲ್ಲ.

ವೆಲ್ಲೂರು ಆಸ್ಪತ್ರೆ ಗೊತ್ತಲ್ಲ? ನಮ್ಮ ಕಡೆಯಿಂದಲೂ ಎಷ್ಟೋ ಜನ ಹೋಗುತ್ತಾರೆ. ಅದನ್ನು ಕಟ್ಟಿದ ಐಡಾ ಸ್ಕಡರ್ ಮಿಷನರಿ ಮನೆತನದ ಹುಡುಗಿ. ಅಮೆರಿಕದಲ್ಲಿ ಓದಿದವಳು, ಮಿಷನರಿ ಆಗುವುದೇ ಇಲ್ಲ ಅಂತ ಹಟ ಹಿಡಿದವಳು. ತಾಯಿಗೆ ಹುಷಾರಿಲ್ಲ ಅಂತ ತಮಿಳುನಾಡಿನ ತಿಂಡಿವನಕ್ಕೆ ಬಂದಿದ್ದಳು. ಒಂದು ರಾತ್ರಿ ಮೂರು ಮನೆಯವರು ಒಬ್ಬರಾದ ಮೇಲೆ ಒಬ್ಬರು ಬಾಗಿಲು ತಟ್ಟಿದರು. ಹೆಂಡತಿಗೆ ಹೆರಿಗೆ ಕಷ್ಟ ಆಗಿದೆ, ಬನ್ನಿ ಅಂತ. ಐಡಾ ಡಾಕ್ಟರ್ ಅಲ್ಲ. ಅವಳ ಅಪ್ಪ ಡಾಕ್ಟರ್, ಆದರೆ ಗಂಡಸು ಡಾಕ್ಟರ್ ಬೇಡ ಅಂದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಹೋಗಿದ್ದರು. ಐಡಾ ವಾಪಸ್ ಹೋಗಿ ವೈದ್ಯಕೀಯ ಓದಿ 1899ರಲ್ಲಿ ಪದವಿ ಪಡೆದರು. 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಒಂದು ಹಾಸಿಗೆಯಿಂದ ಶುರು ಮಾಡಿದರು. ಆ ರಾತ್ರಿಗೂ ಈ ಹಾಸಿಗೆಗೂ ನಡುವೆ ಎಷ್ಟು ವರ್ಷದ ಓದು ಕೂತಿದೆ ನೋಡಿ. ನಾವು ವಿಮಾನ ಇಳಿದ ಮೊದಲ ಭಾನುವಾರವೇ ಮೈಕ್ ಹಿಡಿಯುತ್ತೇವೆ.

ಹಾಗಾದರೆ ಹೊರದೇಶಕ್ಕೆ ಹೋಗುವುದೇ ಬೇಡವಾ? ಹಾಗಲ್ಲ. ಐಡಾಗೆ ಬಾಗಿಲು ತಟ್ಟಿದ ಸದ್ದು ಕೇಳಿದ್ದು ಅಮೆರಿಕ ಬಿಟ್ಟು ಬಂದಿದ್ದರಿಂದಲೇ. ನನಗೂ ಅಷ್ಟೇ. ಭಾಷೆ ಬಾರದ ಊರಿನಲ್ಲಿ ಹುಷಾರು ತಪ್ಪದೇ ಇದ್ದಿದ್ದರೆ ಆ ಅಜ್ಜ ಕಣ್ಣಿಗೆ ಬೀಳುತ್ತಿರಲಿಲ್ಲ. ಎಷ್ಟು ವರ್ಷ ಅದೇ ಆಸ್ಪತ್ರೆ ಮುಂದೆ ಬೈಕಿನಲ್ಲಿ ಹೋಗಿದ್ದೇನೆ! ಆದರೆ ಇದಕ್ಕಾಗಿ ಆರು ಜನ ಟಿಕೆಟ್ ಮಾಡಿಸಿ ಒಬ್ಬ ಪೇಂಟರನ ಕೂಲಿ ತಪ್ಪಿಸಬೇಕಾ? ಈ ಪ್ರಶ್ನೆಯನ್ನು ನಮ್ಮ ಯುವಜನರ ಮೀಟಿಂಗಿನಲ್ಲೂ ಕೇಳಿದೆ. ಚಹಾ ಬಂತು, ವಿಷಯ ಬದಲಾಯಿತು.

ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಸಮಾಧಿಗಳ ನಡುವೆ ಅಲೆಯುತ್ತಿದ್ದವನೊಬ್ಬ ಬರುತ್ತಾನೆ. ಯೇಸು ಅವನನ್ನು ಗುಣ ಮಾಡುತ್ತಾರೆ. ನನ್ನನ್ನೂ ದೋಣಿಯಲ್ಲಿ ಕರೆದುಕೊಂಡು ಹೋಗಿ ಅಂತ ಅವನು ಅಂಗಲಾಚುತ್ತಾನೆ. ಯೇಸು ಒಪ್ಪುವುದಿಲ್ಲ. ನಿನ್ನ ಮನೆಗೆ, ನಿನ್ನ ಜನರ ಹತ್ತಿರ ಹೋಗು ಅಂತ ಕಳಿಸಿಬಿಡುತ್ತಾರೆ. ಈ ಕೊನೆಯ ಸಾಲುಗಳನ್ನು ಮಿಷನ್ ಟ್ರಿಪ್ಪಿನ ತಯಾರಿ ಕ್ಲಾಸಿನಲ್ಲಿ ಯಾರೂ ಓದಿಸಲಿಲ್ಲ.

ನಾನು ಈಗಲೂ ಮಂಡಿಯಲ್ಲೇ ಇದ್ದೇನೆ. ಗೊರಬಲಿನ ಲೆಕ್ಕ ಈಗಲೂ ಬೇಜಾರೇ. ಆದರೆ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳೂವರೆಯಿಂದ ಹತ್ತರ ತನಕ ಆಸ್ಪತ್ರೆಯಲ್ಲಿ ಇರುತ್ತೇನೆ. ಓಪಿಡಿ ಚೀಟಿ ಬರೆಸುವುದು, ರೇಷನ್ ಕಾರ್ಡ್ ಜೆರಾಕ್ಸ್ ಮಾಡಿಸುವುದು, ಸ್ಕ್ಯಾನಿಂಗ್ ಯಾವ ಮಹಡಿ ಅಂತ ತೋರಿಸುವುದು. ಕೆಲವು ದಿನ ಬೈಸಿಕೊಂಡೇ ಬರುತ್ತೇನೆ. ಒಮ್ಮೆ ಯಾರದೋ ಎಕ್ಸ್‌ರೇ ಇನ್ನಾರಿಗೋ ಕೊಟ್ಟು ದೊಡ್ಡ ಗಲಾಟೆಯೇ ಆಗಿತ್ತು.

ಅಲ್ಲಿ ಯೇಸುವಿನ ಹೆಸರು ಹೇಳದಿದ್ದರೆ ಅದು ಎಂಥ ಮಿಷನ್ ಮಾರಾಯ ಅಂತ ಗೆಳೆಯನೊಬ್ಬ ಕೇಳಿದ. ಜ್ವರದಲ್ಲಿ ಮಲಗಿದವನಿಗೆ ಬೇಡ ಅನ್ನುವ ಶಕ್ತಿ ಇರುವುದಿಲ್ಲ. ಅಂಥವನ ಹತ್ತಿರ ಧರ್ಮದ ಮಾತು ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಆ ಉಪದೇಶಿ ತಾಯಿಯೂ ನನ್ನ ಪಕ್ಕ ಕೂತು ಜಪಸರ ಎಣಿಸಿದರೇ ಹೊರತು ನನಗೇನೂ ಬೋಧಿಸಲಿಲ್ಲ. ನೀನು ಯಾರ ಕಡೆಯವನು ತಮ್ಮಾ ಅಂತ ಅಜ್ಜಂದಿರು ಕೇಳುತ್ತಾರೆ. ಕೇಳಿದರೆ ಚರ್ಚ್ ಕಡೆಯವನು ಅನ್ನುತ್ತೇನೆ.

ಮುಂದಿನ ಮಂಗಳವಾರ ಯಾರಾದರೂ ಬರುವುದಾದರೆ ಮೆಸೇಜ್ ಹಾಕಿ. ವೀಸಾ ಬೇಡ, ಲಸಿಕೆ ಬೇಡ. ಒಂದೆರಡು ಪೆನ್ನು ಜಾಸ್ತಿ ತನ್ನಿ. ಅಲ್ಲಿ ಯಾರ ಹತ್ತಿರವೂ ಪೆನ್ನು ಇರುವುದಿಲ್ಲ, ನನ್ನದು ತೆಗೆದುಕೊಂಡವರು ವಾಪಸ್ ಕೊಡುವುದಿಲ್ಲ.