ಅರ್ಧವಷ್ಟೇ ಏಳಬಲ್ಲ ರೈಲು ಸೇತುವೆ

ಕೇಳುಗರಿಗೆ ನಮಸ್ಕಾರ. ಹಡಗಿಗೆ ದಾರಿ ಬಿಡುವ ರೈಲು ಸೇತುವೆ ಎಂದೊಡನೆ ನಮಗೆ ನೆನಪಾಗುವುದು ರಾಮೇಶ್ವರದ ಪಾಂಬನ್. 2025ರ ಏಪ್ರಿಲ್‌ನಲ್ಲಿ ಬಳಕೆಗೆ ಬಂದ ಹೊಸ ಪಾಂಬನ್ ಸೇತುವೆಯ 72.5 ಮೀಟರ್ ಉದ್ದದ ಅಂಕಣ, ಅಂದರೆ ಎರಡು ಆಸರೆಗಳ ನಡುವಿನ ಭಾಗ, ನೇರವಾಗಿ 17 ಮೀಟರ್ ಮೇಲೇಳುತ್ತದೆ. ಅದೇ ಜಾತಿಯ, ಆದರೆ ಅದಕ್ಕಿಂತ 113 ವರ್ಷ ಹಿರಿಯ ಸೇತುವೆಯೊಂದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನಲ್ಲಿ, ವಿಲಾಮೆಟ್ ನದಿಯ ಮೇಲಿದೆ. ಹೆಸರು ಸ್ಟೀಲ್ ಬ್ರಿಡ್ಜ್. ಇವತ್ತಿಗೂ ಅದರ ಮೇಲೆ ರೈಲು ಓಡುತ್ತದೆ. ಅದರ ಹೆಚ್ಚುಗಾರಿಕೆ ವಯಸ್ಸಲ್ಲ. ಅದಕ್ಕೆ ಎರಡು ಅಂತಸ್ತು: ಕೆಳಗೆ ರೈಲು, ಮೇಲೆ ರಸ್ತೆ. ರಸ್ತೆಯನ್ನು ಅಲುಗಿಸದೆ ರೈಲು ಹಳಿಯ ಅಂತಸ್ತನ್ನು ಮಾತ್ರ ಮೇಲೆತ್ತಬಹುದು. ಹೀಗೆ ಎರಡೂ ಅಂತಸ್ತು ಬೇರೆಬೇರೆಯಾಗಿ ಏಳುವ ಸೇತುವೆ ಜಗತ್ತಿನಲ್ಲಿ ಇನ್ನೊಂದಿಲ್ಲ.

ಇದೇ ಹೆಸರಿನ ಮೊದಲ ಸೇತುವೆ ಆ ಊರಿನಲ್ಲಿ ತೆರೆದದ್ದು 1888ರಲ್ಲಿ. ಪೋರ್ಟ್‌ಲ್ಯಾಂಡ್‌ನಲ್ಲಿ ವಿಲಾಮೆಟ್ ದಾಟಿದ ಮೊದಲ ರೈಲು ಸೇತುವೆ ಅದು. ಅದಕ್ಕೂ ಎರಡು ಅಂತಸ್ತು ಇತ್ತು, ಆದರೆ ತೆರೆಯುವ ಬಗೆ ಬೇರೆ. ಅದು ಸ್ವಿಂಗ್ ಸೇತುವೆ. ನದಿಯ ನಡುವೆ ಒಂದು ದಪ್ಪ ಕಂಬ, ಅದರ ಮೇಲೆ ತಿರುಗಣಿ. ಹಡಗು ಬಂದಾಗ ಇಡೀ ಅಂಕಣ ಅಡ್ಡಡ್ಡ ತಿರುಗಿ ಹೊಳೆಯ ಉದ್ದಕ್ಕೆ ನಿಲ್ಲುತ್ತದೆ.

ನೋಡಲು ಚಂದ, ಕಟ್ಟಲು ಅಗ್ಗ. ತೊಂದರೆ ಇರುವುದು ಆ ನಡುಗಂಬದಲ್ಲಿ. ಹಡಗು ಹೋಗಬೇಕಾದ ಆಳದ ನೀರಿನಲ್ಲೇ ಅದು ನಿಂತಿರುತ್ತದೆ. ಅಂಕಣ ಎಷ್ಟೇ ಉದ್ದವಿರಲಿ, ಹಡಗಿಗೆ ಸಿಗುವುದು ಒಂದು ಬದಿಯ ಅರ್ಧ, ಅದಕ್ಕಿಂತ ತುಸು ಕಡಿಮೆಯೇ. ಇದೇ ನದಿಯಲ್ಲಿ ಕೆಳಗೆ 1908ರಲ್ಲಿ ಕಟ್ಟಿದ ಇನ್ನೊಂದು ಸ್ವಿಂಗ್ ರೈಲು ಸೇತುವೆಯ ತಿರುಗುವ ಅಂಕಣ 521 ಅಡಿ ಉದ್ದವಿತ್ತು. ಅಷ್ಟಿದ್ದೂ ದೊಡ್ಡ ಹಡಗುಗಳಿಗೆ ಇಕ್ಕಟ್ಟಾಯಿತು. ಕೊನೆಗೆ 1989ರಲ್ಲಿ ಆ ಅಂಕಣವನ್ನು ತೆಗೆದು, ನೇರ ಏಳುವ ಅಂಕಣ ಕೂರಿಸಬೇಕಾಯಿತು. ಸ್ವಿಂಗ್‌ನಲ್ಲಿ ಇನ್ನೂ ಒಂದು ಕಷ್ಟ: ಸಣ್ಣ ದೋಣಿ ಬಂದರೂ ಪೂರ್ತಿಯೇ ತಿರುಗಿಸಬೇಕು. ರೈಲೂ ನಿಲ್ಲಬೇಕು, ರಸ್ತೆಯೂ ನಿಲ್ಲಬೇಕು.

ಈಗಿನ ಸೇತುವೆ 1912ರ ಬೇಸಿಗೆಯಲ್ಲಿ ತೆರೆಯಿತು. ಯೂನಿಯನ್ ಪೆಸಿಫಿಕ್ ರೈಲು ಕಂಪನಿ ಮತ್ತು ಅದರ ಜೊತೆಗಿನ ಒರೆಗಾನ್ ರೈಲು ಕಂಪನಿ ಕಟ್ಟಿಸಿದವು. ಖರ್ಚು ಸುಮಾರು 17 ಲಕ್ಷ ಡಾಲರ್. ವಿನ್ಯಾಸ ಕನ್ಸಾಸ್ ಸಿಟಿಯ ವಾಡೆಲ್ ಮತ್ತು ಹ್ಯಾರಿಂಗ್ಟನ್ ಸಂಸ್ಥೆಯದು. ವಾಡೆಲ್ ಈ ಕಸುಬಿಗೆ ಹೊಸಬರಲ್ಲ. ಶಿಕಾಗೋದ ಹಾಲ್ಸ್ಟೆಡ್ ಬೀದಿಯಲ್ಲಿ 1894ರಲ್ಲೇ ಅವರು 130 ಅಡಿಯ ಅಂಕಣವನ್ನು ನೇರವಾಗಿ ಮೇಲೆತ್ತಿ ತೋರಿಸಿದ್ದರು. ಪೋರ್ಟ್‌ಲ್ಯಾಂಡ್‌ನಲ್ಲೇ 1910ರಲ್ಲಿ ಇದೇ ಸಂಸ್ಥೆಯ, ಹೀಗೆಯೇ ನೇರ ಏಳುವ ಹಾಥಾರ್ನ್ ಸೇತುವೆ ಬಳಕೆಗೆ ಬಂದಿತ್ತು.

ಇನ್ನು ಯಂತ್ರದ ವಿಷಯ. ನದಿಯಲ್ಲಿ ಎರಡು ಉಕ್ಕಿನ ಗೋಪುರ, ನಡುವೆ 211 ಅಡಿಯ ಅಂಕಣ. ಗೋಪುರದ ತುದಿಯಲ್ಲಿ ದೊಡ್ಡ ರಾಟೆಗಳು, ಅವುಗಳ ಮೇಲೆ ಉಕ್ಕಿನ ಹಗ್ಗ. ಹಗ್ಗದ ಒಂದು ತುದಿಗೆ ಅಂಕಣ, ಇನ್ನೊಂದು ತುದಿಗೆ ಪ್ರತಿತೂಕ. ಬಾವಿಯ ರಾಟೆಗೆ ಎರಡು ತುಂಬಿದ ಕೊಡ ಕಟ್ಟಿದ ಹಾಗೆ, ಎರಡೂ ಬದಿ ಸಮ ತೂಗುವುದರಿಂದ ಮೋಟಾರಿಗೆ ಅಂಕಣದ ಭಾರ ಹೊರುವ ಕೆಲಸವಿಲ್ಲ. ಉಜ್ಜಾಟ, ಗಾಳಿ, ಚಾಲನೆಯ ಜಡತೆ, ಇಷ್ಟನ್ನು ಗೆದ್ದರೆ ಸಾಕು. ಇಲ್ಲಿ ಮೇಲಿನ ಅಂತಸ್ತಿಗೆ 2, ಕೆಳಗಿನದಕ್ಕೆ 8, ಒಟ್ಟು 10 ಪ್ರತಿತೂಕಗಳು. ಎಲ್ಲ ಸೇರಿ 90 ಲಕ್ಷ ಪೌಂಡ್, ಅಂದರೆ ಸುಮಾರು 4,100 ಟನ್.

ಕೆಳಗಿನ ಅಂತಸ್ತಿಗೆ ತನ್ನದೇ ಆದ ಟ್ರಸ್, ಅಂದರೆ ಭಾರ ಹೊರುವ ಉಕ್ಕಿನ ಚೌಕಟ್ಟು, ಇಲ್ಲ. ಮೇಲಿನ ಟ್ರಸ್ಸಿನ ನಿಲುಗಂಬಗಳ ಒಳಗೆ ಜಾರುವ ತೂಗುಕಂಬಗಳಿಂದ ಅದು ಜೋತುಬಿದ್ದಿದೆ. ಎತ್ತಿದಾಗ ಆ ತೂಗುಕಂಬಗಳು ಮೇಲಿನ ಕಂಬದೊಳಗೆ ತೂರುತ್ತವೆ, ಹಳಿಯ ಅಂತಸ್ತು ರಸ್ತೆಯ ಅಡಿಗೆ ಬಂದು ಸೇರುತ್ತದೆ. ಲೆಕ್ಕ ಹೀಗಿದೆ. ಎರಡೂ ಇಳಿದಿರುವಾಗ ನೀರಿನ ಮೇಲೆ ಉಳಿಯುವ ಎಡೆ ಸುಮಾರು 26 ಅಡಿ. ರೈಲಿನ ಅಂತಸ್ತು ಮೇಲೆ ಸೇರಿದರೆ 72 ಅಡಿ. ಎರಡೂ ಒಟ್ಟಾಗಿ ಎದ್ದರೆ 163 ಅಡಿ. ದೋಣಿ, ಟಗ್, ನಡುಗಾತ್ರದ ಹಡಗುಗಳಲ್ಲಿ ಹೆಚ್ಚಿನವಕ್ಕೆ 72 ಅಡಿ ಸಾಕು. ಆಗ ಕೆಳಗೆ ರೈಲಿಗೆ ತಡೆ ಇದ್ದರೂ ಮೇಲೆ ರಸ್ತೆಯ ಓಡಾಟ ನಡೆದೇ ಇರುತ್ತದೆ. ಜಾಣತನ ಇರುವುದು ಇಲ್ಲೇ. ಸೇತುವೆಯನ್ನು ಎತ್ತುವುದು ಆ ಹೊತ್ತಿಗೆ ಹಲವರಿಗೆ ಗೊತ್ತಿತ್ತು. ಎಷ್ಟು ಬೇಕೋ ಅಷ್ಟೇ ಎತ್ತುವ ಏರ್ಪಾಟು ಮಾಡಿದ್ದು ಈ ಸಂಸ್ಥೆ.

ನಡೆಸುವ ಕ್ರಮವನ್ನೂ ಹೇಳಬೇಕು. ಅಮೆರಿಕದ ನದಿ ನಿಯಮದಂತೆ ಹಡಗು ಒಂದು ಉದ್ದ, ಒಂದು ಗಿಡ್ಡ ಸೀಟಿ ಊದುತ್ತದೆ. ತೆರೆಯುವುದಾದರೆ ಸೇತುವೆಯಿಂದಲೂ ಅದೇ ಉತ್ತರ; ಆಗದಿದ್ದರೆ ಐದು ಗಿಡ್ಡ ಸೀಟಿ. ಸೇತುವೆಯ ಚಾಲಕನ ಕೋಣೆ ಟ್ರಸ್ಸಿನ ಮೇಲಿರುವ ಯಂತ್ರದ ಮನೆಯ ಕೆಳಗೆ ಜೋತಿದೆ. ಅಲ್ಲಿಂದ ನದಿಯೂ ಕಾಣುತ್ತದೆ, ರಸ್ತೆಯೂ ಕಾಣುತ್ತದೆ. ಇಂಥ ಯಾವುದೇ ರೈಲು ಸೇತುವೆಯಲ್ಲಿ ಮೊದಲು ಎರಡೂ ದಿಕ್ಕಿನ ರೈಲು ಸಿಗ್ನಲ್ ಕೆಂಪಾಗಬೇಕು, ಹಳಿ ಖಾಲಿ ಎಂದು ಖಾತ್ರಿಯಾಗಬೇಕು, ಅಂಕಣದ ಲಾಕು ಕಳಚಬೇಕು, ಆಮೇಲೆ ಮೋಟಾರು. ಈ ಸರದಿ ತಪ್ಪಿಸಲು ಇಂಟರ್‌ಲಾಕಿಂಗ್, ಅಂದರೆ ಸಿಗ್ನಲ್, ಲಾಕು, ಮೋಟಾರುಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಏರ್ಪಾಟು, ಬಿಡುವುದಿಲ್ಲ. ಇಳಿಸುವಾಗ ಸರದಿ ತಿರುಗುಮುರುಗು: ಅಂಕಣ ಕೂತು, ಹಳಿಯ ತುದಿಗಳು ಒಂದಕ್ಕೊಂದು ಸರಿಯಾಗಿ ಹೊಂದಿ, ಲಾಕು ಬಿದ್ದ ಮೇಲೆಯೇ ಹಸಿರು.

ಕೆಡುವುದು ಎಲ್ಲಿ? ಹೆಚ್ಚಾಗಿ ತೂಕದಲ್ಲಿ. ಮಳೆಗೆ ಮರದ ಸ್ಲೀಪರ್ ನೀರು ಕುಡಿದರೆ ಅಂಕಣ ಭಾರವಾಗುತ್ತದೆ. ಬಣ್ಣ ಬಳಿದರೂ, ರಸ್ತೆಗೆ ಹೊಸ ಪದರ ಹಾಕಿದರೂ ಅಷ್ಟೇ. ಅದಕ್ಕೇ ಪ್ರತಿತೂಕದಲ್ಲಿ ಗೂಡು ಬಿಟ್ಟಿರುತ್ತಾರೆ. ಅದರೊಳಗೆ ಕಾಂಕ್ರೀಟ್ ಬಿಲ್ಲೆ ಸೇರಿಸಿ ಅಥವಾ ತೆಗೆದು ಸರಿದೂಗಿಸುತ್ತಾರೆ. ತಕ್ಕಡಿ ಪೂರ್ತಿ ಸಮ ಇರಲೂಬಾರದು. ಅಂಕಣದ ಕಡೆ ಒಂದಿಷ್ಟು ಹೆಚ್ಚು ಭಾರ ಬಿಟ್ಟರೇ ಅದು ತನ್ನ ಪೀಠದ ಮೇಲೆ ಒತ್ತಿ ಕೂರುವುದು. ಇಲ್ಲವಾದರೆ ರೈಲು ಹತ್ತಿದಾಗ ತುದಿ ಕುಪ್ಪಳಿಸಿ ಹಳಿಯ ಸಂದು ಜಜ್ಜಿಹೋಗುತ್ತದೆ. ಎರಡನೆಯದು ಹಗ್ಗ. ಒಂದು ಮೂಲೆಯ ಹಗ್ಗ ಉಳಿದವಕ್ಕಿಂತ ಹೆಚ್ಚು ಹಿಗ್ಗಿದರೆ ಅಂಕಣ ಓರೆಯಾಗಿ ಇಳಿದು ಗೋಪುರದ ಹಳಿಗಂಬಿಗೆ ಸಿಕ್ಕಿಕೊಳ್ಳುತ್ತದೆ. ಹಗ್ಗಕ್ಕೆ ಗ್ರೀಸ್ ಹಚ್ಚುವುದು, ಎಲ್ಲ ಹಗ್ಗದ ಬಿಗಿ ಅಳೆಯುವುದು ತಪ್ಪದೆ ನಡೆಯಬೇಕಾದ ಕೆಲಸ. ಬಿಸಿಲಿಗೆ ಉಕ್ಕು ಹಿಗ್ಗುವುದೂ ಇದೆ. ತುದಿಯಲ್ಲಿ ಬಿಟ್ಟ ಸಂದು ಸಾಲದೆ ಹೋದರೆ ಇಳಿದ ಅಂಕಣ ಪೂರ್ತಿ ಕೂರುವುದಿಲ್ಲ.

ಮೇಲಿನ ಅಂತಸ್ತಿನಲ್ಲಿ ಟ್ರಾಮ್‌ಗಳು 1948ರವರೆಗೆ ಓಡಿದವು. ಹಲವು ದಶಕ ಬಿಟ್ಟು, 1986ರಲ್ಲಿ ಮ್ಯಾಕ್ಸ್ ಎಂಬ ಲಘು ರೈಲು ಅದೇ ಅಂತಸ್ತಿಗೆ ಬಂತು. ಹಾಗಾಗಿ ಈಗ ಎರಡೂ ಅಂತಸ್ತಿನಲ್ಲಿ ಹಳಿ ಇದೆ. ಇದರೊಂದಿಗೆ ಹೊಸ ತಲೆನೋವೊಂದು ಸೇರಿತು: ಅಂಕಣದ ಎರಡೂ ತುದಿಯಲ್ಲಿ ಹಳಿಯ ಜೊತೆಗೆ ತಲೆಮೇಲಿನ ವಿದ್ಯುತ್ ತಂತಿಯೂ ತುಂಡಾಗಬೇಕು, ಇಳಿದಾಗ ಮತ್ತೆ ಸರಿಯಾಗಿ ಕೂಡಬೇಕು. ಕೆಳಗೆ ಸರಕು ರೈಲುಗಳ ಜೊತೆ ಅಮೆರಿಕದ ದೂರಪ್ರಯಾಣದ ರೈಲು ಸಂಸ್ಥೆ ಆಮ್ಟ್ರಾಕ್‌ನ ಪ್ರಯಾಣಿಕರ ಗಾಡಿಗಳೂ ಓಡುತ್ತವೆ. 2001ರಲ್ಲಿ ಕೆಳ ಅಂತಸ್ತಿನ ಒಂದು ಪಕ್ಕಕ್ಕೆ ನಡೆಯುವವರಿಗೂ ಸೈಕಲಿಗೂ ದಾರಿ ಜೋಡಿಸಿದರು. ದೋಣಿ ಬಂದರೆ ಗೇಟಿನ ಈಚೆ ನಿಂತು ಕಾಯಬೇಕು.

ಮಾಲೀಕತ್ವದ ಕಥೆಯೂ ಸಲೀಸಲ್ಲ. ಸೇತುವೆ ಯೂನಿಯನ್ ಪೆಸಿಫಿಕ್‌ನದು. ಮೇಲಿನ ಅಂತಸ್ತು ರಾಜ್ಯದ ಸಾರಿಗೆ ಇಲಾಖೆಗೆ ಗುತ್ತಿಗೆ, ಅಲ್ಲಿಂದ ಲಘು ರೈಲು ನಡೆಸುವ ಟ್ರೈಮೆಟ್ ಸಂಸ್ಥೆಗೆ ಒಳಗುತ್ತಿಗೆ. ಕೂಡುರಸ್ತೆಗಳು ನಗರಾಡಳಿತದವು. ಎತ್ತುವ ನಿಯಮವೂ ಅಂತಸ್ತಿಗೊಂದು. ಕೆಳಗಿನದು ಸೀಟಿ ಕೇಳಿದರೆ ಏಳಬೇಕು. ಮೇಲಿನದಕ್ಕೆ ಮುಂಚೆಯೇ ತಿಳಿಸಬೇಕು, ಬೆಳಗ್ಗೆ ಸಂಜೆಯ ದಟ್ಟಣೆಯಲ್ಲಿ ಕೇಳುವಂತಿಲ್ಲ. ಜೂನ್‌ನಲ್ಲಿ ಗುಲಾಬಿ ಹಬ್ಬಕ್ಕೆ ನೌಕಾಪಡೆಯ ಹಡಗುಗಳು ನದಿಯಲ್ಲಿ ಒಳಕ್ಕೆ ಬರುವಾಗ ಮಾತ್ರ ಬೇರೆ ದಾರಿಯಿಲ್ಲ. ಆಗ ಕೆಳ ಅಂತಸ್ತು ಮೊದಲು ಏರಿ ಮೇಲಿನದಕ್ಕೆ ಸೇರುತ್ತದೆ, ಆಮೇಲೆ ರಸ್ತೆ, ಹಳಿ, ತಂತಿ, ಚಾಲಕನ ಕೋಣೆ ಎಲ್ಲವೂ ಒಟ್ಟಿಗೇ 163 ಅಡಿಯ ಎಡೆ ಬಿಡುವವರೆಗೆ ಏರುತ್ತವೆ.