ಜುಟ್ಟಿಗೆ ಮಲ್ಲಿಗೆ, ಹೈಬ್ರಿಡ್‌ಗೆ 19 ಇಂಚಿನ ಚಕ್ರ

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಟೊಯೋಟಾ ಕ್ಯಾಮ್ರಿ ಮತ್ತು ಹೋಂಡಾ ಅಕಾರ್ಡ್ ಎಂಬ, ಪೆಟ್ರೋಲ್ ಇಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಸೆಡಾನ್‌ಗಳ ಮೈಲೇಜ್ ಬಗ್ಗೆ ನಾನು ಮುಕ್ಕಾಲು ಗಂಟೆ ಮಾತನಾಡಿದ್ದೆ. ಅದಕ್ಕೆ ಒಬ್ಬ ವೀಕ್ಷಕರು ಒಂದೇ ಸಾಲಿನ ಉತ್ತರ ಬರೆದರು: "ಕ್ಯಾಮ್ರಿಯ 51 ದೊಡ್ಡದೋ ಅಕಾರ್ಡ್‌ನ 48 ದೊಡ್ಡದೋ, ಅಷ್ಟು ಹೇಳಿದರೆ ಸಾಕಿತ್ತು." 51 ದೊಡ್ಡದು, ಸ್ವಾಮಿ. ಅದನ್ನು ಹೇಳಲು ನಾನೇ ಬೇಕಾಗಿಲ್ಲ. ಆದರೆ ಈ ಎರಡು ಅಂಕಿಗಳನ್ನು ಹಿಡಿದು ಎರಡು ಕಂಪನಿಗಳ ನಡುವೆ ತೀರ್ಪು ಕೊಡಲು ಹೊರಟವರಿಗೆ ನನ್ನದೊಂದು ಪ್ರಶ್ನೆಯಿದೆ. ಆ 51 ಯಾವ ಚಕ್ರದ ಮೇಲೆ ಬಂದದ್ದು, ಆ 48 ಯಾವ ಚಕ್ರದ ಮೇಲೆ ಬಂದದ್ದು?

ಈ ಅಂಕಿಗಳು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯವು. ಒಂದು ಗ್ಯಾಲನ್ ಪೆಟ್ರೋಲಿಗೆ ಎಷ್ಟು ಮೈಲಿ ಎಂಬ ಲೆಕ್ಕ. 2025ರ ಕ್ಯಾಮ್ರಿಯ ಆರಂಭಿಕ ವೇರಿಯಂಟ್ ಆದ ಎಲ್‌ಇಗೆ 51 ಮೈಲಿ, ಅಂದರೆ ಲೀಟರಿಗೆ ಸುಮಾರು 21.7 ಕಿಲೋಮೀಟರ್, ಅಕಾರ್ಡ್ ಇಎಕ್ಸ್-ಎಲ್‌ಗೆ 48, ಅಂದರೆ ಸುಮಾರು 20.4. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸುವವರಿಗೆ ಈ ವ್ಯತ್ಯಾಸದಿಂದ ಉಳಿಯುವುದು ಸುಮಾರು 45 ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕ್ ಪೆಟ್ರೋಲ್. ಇಡೀ ವರ್ಷದ ಜಗಳ ನಡೆಯುತ್ತಿರುವುದು ಆ ಒಂದು ಟ್ಯಾಂಕಿಗಾಗಿ. ಈಗ ಅದೇ ಅಕಾರ್ಡ್‌ನ ಸ್ಪೋರ್ಟ್ ವೇರಿಯಂಟ್ ನೋಡಿ: ಅದೇ 2 ಲೀಟರಿನ ಇಂಜಿನ್, ಅದೇ ಮೋಟಾರ್, ಅದೇ 204 ಅಶ್ವಶಕ್ತಿ, ಆದರೆ ಮೈಲೇಜ್ ಮಾತ್ರ 44. ಕ್ಯಾಮ್ರಿಯಲ್ಲಿ ಎಲ್‌ಇ ಬಿಟ್ಟು ಮೇಲಿನ ವೇರಿಯಂಟ್ ಆದ ಎಕ್ಸ್‌ಎಸ್‌ಇಗೆ ಹೋದರೆ 51 ಇದ್ದದ್ದು 47ಕ್ಕೆ ಇಳಿಯುತ್ತದೆ. ಬದ್ಧ ವೈರಿಗಳೆಂದು ನಾವು ಕೂರಿಸಿಟ್ಟಿರುವ ಎರಡು ಕಂಪನಿಗಳ ನಡುವಿನ ಅಂತರ 3, ಒಂದೇ ಕಾರಿನ ಎರಡು ವೇರಿಯಂಟ್‌ಗಳ ನಡುವಿನ ಅಂತರ 4.

ಕಾರಣ ತಿಳಿಯಲು ಬಾನೆಟ್ ಎತ್ತುವ ಅಗತ್ಯವಿಲ್ಲ. ಬಗ್ಗಿ ಟೈರಿನ ಪಕ್ಕೆಯನ್ನು ಓದಿದರೆ ಸಾಕು. ಕ್ಯಾಮ್ರಿ ಎಲ್‌ಇಯ ಟೈರಿನ ಅಗಲ 205 ಮಿಲಿಮೀಟರ್, ಚಕ್ರ 16 ಇಂಚಿನದು. ಎಕ್ಸ್‌ಎಸ್‌ಇಯದು 235 ಮಿಲಿಮೀಟರ್, 19 ಇಂಚು. ಒಂದೊಂದು ಟೈರಿಗೆ ಮೂರು ಸೆಂಟಿಮೀಟರ್ ಹೆಚ್ಚು ಅಗಲ. ಅಷ್ಟು ಅಗಲದ ರಬ್ಬರ್ ಗಾಳಿಯನ್ನು ಸೀಳಿಕೊಂಡು ರಸ್ತೆಯನ್ನು ತಿಕ್ಕಿಕೊಂಡು ಉರುಳಬೇಕು, ಅದನ್ನು ಹೊತ್ತ ದೊಡ್ಡ ಅಲಾಯ್ ಚಕ್ರವನ್ನು ಪ್ರತಿ ಸಿಗ್ನಲ್ಲಿನಲ್ಲೂ ನಿಂತಲ್ಲಿಂದ ತಿರುಗಿಸಬೇಕು. ಬೇರೇನೂ ಇದರಲ್ಲಿ ಪಾಲುದಾರವಲ್ಲ ಎಂದು ನಾನು ಹೇಳುವುದಿಲ್ಲ, ಆದರೆ ಮುಖ್ಯ ಆರೋಪಿ ಚಕ್ರವೇ.

"ಚಕ್ರವಲ್ಲ, ಮೇಲಿನ ವೇರಿಯಂಟ್‌ಗಳಲ್ಲಿ ತುಂಬಿರುವ ಸಾಮಾನಿನ ಭಾರ" ಎಂದು ವಾದಿಸುವವರೂ ಇದ್ದಾರೆ. ಅಕಾರ್ಡ್‌ನಲ್ಲಿ ಬಟ್ಟೆಯ ಸೀಟಿನ, ಕಡಿಮೆ ಬೆಲೆಯ ಸ್ಪೋರ್ಟ್‌ಗೆ 44. ಚರ್ಮದ ಸೀಟಿನ, ಹೆಚ್ಚು ಬೆಲೆಯ ಇಎಕ್ಸ್-ಎಲ್‌ಗೆ 48. ಚರ್ಮದ ಸೀಟು ಗಾಳಿಯಲ್ಲಿ ತೇಲುತ್ತದೆಯೋ ಏನೋ, ನನಗಂತೂ ಗೊತ್ತಿಲ್ಲ. ಸ್ಪೋರ್ಟ್‌ಗೆ 19 ಇಂಚಿನ ಚಕ್ರ, ಇಎಕ್ಸ್-ಎಲ್‌ಗೆ 17 ಇಂಚಿನದು ಎಂಬುದು ಮಾತ್ರ ಗೊತ್ತು. ಇನ್ನೂ ಸಾಕ್ಷಿ ಬೇಕೆಂದರೆ ಸೆಡಾನ್ ಅಲ್ಲದಿದ್ದರೂ ಟೊಯೋಟಾದ ಇನ್ನೊಂದು ಹೈಬ್ರಿಡ್ ಕಾರು ಪ್ರಿಯಸ್ಸನ್ನು ಕಟಕಟೆಗೆ ಕರೆಯುತ್ತೇನೆ: 2023ರ ಮಾದರಿಯಲ್ಲಿ 17 ಇಂಚಿನ ಚಕ್ರದ ಎಲ್‌ಇಗೆ 57, 19 ಇಂಚಿನ ಎಕ್ಸ್‌ಎಲ್‌ಇಗೆ 52.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಒಳಗಿನ ಯಂತ್ರವನ್ನು ನೋಡಿದಾಗ. ಟೊಯೋಟಾದವರು ನಡುವೆ ಒಂದು ಸೂರ್ಯ, ಸುತ್ತ ಗ್ರಹಗಳು ಎಂಬಂತೆ ಜೋಡಿಸಿದ ಗೇರುಗಳ ಮೂಲಕ ಇಂಜಿನ್ನಿನ ಶಕ್ತಿಯನ್ನು ಸೀಳುತ್ತಾರೆ. ಒಂದು ಪಾಲು ನೇರವಾಗಿ ಚಕ್ರಗಳಿಗೆ, ಇನ್ನೊಂದು ಪಾಲು ಜನರೇಟರ್‌ಗೆ, ಮತ್ತು ಆ ಹಂಚಿಕೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಹೋಂಡಾದವರ ದಾರಿಯೇ ಬೇರೆ: ಊರೊಳಗೆ ಇಂಜಿನ್ ಕೇವಲ ಜನರೇಟರನ್ನು ತಿರುಗಿಸುತ್ತದೆ, ಕಾರನ್ನು ಎಳೆಯುವುದು ಮೋಟಾರ್; ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಕ್ಲಚ್ ಹಿಡಿದುಕೊಂಡು ಇಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತದೆ. ಹ್ಯುಂಡೈನ ಸೊನಾಟಾದವರು ಆರು ಗೇರಿನ ಮಾಮೂಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಉಳಿಸಿಕೊಂಡು, ಅದಕ್ಕೂ ಇಂಜಿನ್ನಿಗೂ ನಡುವೆ ಮೋಟಾರ್ ಕೂರಿಸಿದರು. ಮೊದಲ ಪ್ರಿಯಸ್ 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ರಸ್ತೆಗಿಳಿದಂದಿನಿಂದ ನಡೆದ ಈ ಪೈಪೋಟಿಯಲ್ಲಿ ಇಂಜಿನಿಯರುಗಳು ಹನಿಹನಿಯಾಗಿ ಉಳಿಸಿದ ಪೆಟ್ರೋಲನ್ನು, ಶೋರೂಮಿನ ದೀಪದ ಕೆಳಗೆ ಹೊಳೆಯಲೆಂದು ಹಾಕಿದ ಚಕ್ರವೊಂದು ಕುಡಿದುಹಾಕುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮವರು ಹೇಳಿದ್ದು ಇದನ್ನೇ. ಇಲ್ಲಿ ಹಿಟ್ಟೂ ಇದೆ. ಅದನ್ನು ಮಾರಿ ಮಲ್ಲಿಗೆ ಕೊಳ್ಳುತ್ತಿದ್ದಾರೆ.

ಹೋಂಡಾ ಈ ಪಾಠವನ್ನು ಒಮ್ಮೆ ಕಲಿತಿತ್ತು. 2004ರ ಕೊನೆಯಲ್ಲಿ 3 ಲೀಟರಿನ, ಆರು ಸಿಲಿಂಡರಿನ ವಿ6 ಇಂಜಿನ್ ಹಾಕಿ, ಮೈಲೇಜಿಗಿಂತ ಜೋರನ್ನೇ ಮುಂದಿಟ್ಟು ಅಕಾರ್ಡ್ ಹೈಬ್ರಿಡ್ ತಂದಿತು. ಕೊಳ್ಳುವವರು ಕಡಿಮೆಯಾಗಿ 2007ರ ಮಾದರಿಗೇ ಅದನ್ನು ನಿಲ್ಲಿಸಿತು. ಅಷ್ಟರಲ್ಲಿ 2006ರಲ್ಲಿ ಟೊಯೋಟಾ ನಾಲ್ಕು ಸಿಲಿಂಡರಿನ ಕ್ಯಾಮ್ರಿ ಹೈಬ್ರಿಡ್ ತಂದು ಆ ಜಾಗದಲ್ಲಿ ಕುಳಿತಾಗಿತ್ತು. ಅಂದು ಬಾನೆಟ್ಟಿನಿಂದ ಹೊರಗೆ ಹಾಕಿದ ಶೋಕಿ ಇಂದು ಚಕ್ರದ ಮೂಲಕ ಒಳಗೆ ಬಂದಿದೆ. 2019ರಲ್ಲಿ ಟೊಯೋಟಾ ಹೈಬ್ರಿಡ್ ಮತ್ತಿತರ ವಿದ್ಯುತ್ ವಾಹನ ತಂತ್ರಜ್ಞಾನದ ತನ್ನ ಸುಮಾರು 24,000 ಪೇಟೆಂಟುಗಳನ್ನು ಹಣ ಕೇಳದೆ ಬಳಸಲು ಎಲ್ಲರಿಗೂ ಬಿಟ್ಟುಕೊಟ್ಟಿತು. ಇಪ್ಪತ್ತು ವರ್ಷ ಕಾದಿಟ್ಟ ವಿದ್ಯೆಯನ್ನು ವೈರಿಗೆ ಕೊಡಲು ಮನಸ್ಸು ಬಂದವರಿಗೆ, ಎಕ್ಸ್‌ಎಸ್‌ಇ ಕೊಳ್ಳುವವನಿಗೆ 16 ಇಂಚಿನ ಚಕ್ರ ಕೊಡಲು ಮನಸ್ಸು ಬರಲಿಲ್ಲ.

ಇಷ್ಟು ಹೊತ್ತು ಕೇಳಿದವರು ಚಾನೆಲ್‌ಗೆ ಚಂದಾದಾರರಾಗಿ. ಅದಕ್ಕೆ ಯಾವ ವೇರಿಯಂಟ್ ಆರಿಸಬೇಕೆಂಬ ತಲೆನೋವಿಲ್ಲ.

"ದೊಡ್ಡ ಚಕ್ರವಿದ್ದರೆ ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತದೆ" ಎಂದೂ ಬರೆಯುತ್ತೀರಿ, ಗೊತ್ತು. ದಟ್ಟಣೆಯಲ್ಲಿ ಆಮೆಯಂತೆ ತೆವಳುವ ಹೈಬ್ರಿಡ್ ಸೆಡಾನನ್ನು ನೀವು ಯಾವ ತಿರುವಿನಲ್ಲಿ ಹಾರಿಸುತ್ತೀರಿ, ದಯವಿಟ್ಟು ಹೇಳಿ. "ನೋಡಲು ಚೆನ್ನಾಗಿರುತ್ತದೆ" ಎನ್ನುವುದಾದರೆ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ; ಒಪ್ಪಿಕೊಳ್ಳುತ್ತೇನೆ, ಚೆನ್ನಾಗಿಯೇ ಇರುತ್ತದೆ, ನಾನೂ ಶೋರೂಮಿನಲ್ಲಿ ಎರಡು ಸಲ ತಿರುಗಿ ನೋಡಿದ್ದೇನೆ. ಆದರೆ ಹಾಗೆ ನೋಡಿ ಕೊಂಡ ಮೇಲೆ ನನ್ನ ಬಳಿ ಬಂದು, "ಜಾಹೀರಾತಿನಲ್ಲಿ ಹೇಳಿದ 51 ಏಕೆ ಬರುತ್ತಿಲ್ಲ, ಕಂಪನಿ ಮೋಸ ಮಾಡಿತು, ಮುಂದಿನ ಸಲ ಹೋಂಡಾ ತೆಗೆದುಕೊಳ್ಳುತ್ತೇನೆ" ಎನ್ನಬೇಡಿ. ಅಲ್ಲಿ ಹೋಗಿಯೂ ನೀವು ಸ್ಪೋರ್ಟ್ ವೇರಿಯಂಟನ್ನೇ ಕೊಳ್ಳುತ್ತೀರಿ.

ಮುಂದಿನ ಸಂಚಿಕೆಗೆ ಪ್ರಶ್ನೆ ಕಳಿಸುವವರಲ್ಲಿ ನನ್ನದೊಂದು ಷರತ್ತು. ಮೈಲೇಜ್ ಎಷ್ಟು ಎಂದು ಬರೆಯುವ ಮುಂಚೆ ಕಾರಿನಿಂದ ಇಳಿದು, ಟೈರಿನ ಪಕ್ಕೆಯ ಮೇಲೆ 'ಆರ್' ಅಕ್ಷರದ ನಂತರ ಇರುವ ಅಂಕಿಯನ್ನು ಓದಿ, ಅದನ್ನೂ ಬರೆಯಿರಿ. ಅದು 19 ಆಗಿದ್ದರೆ ಪ್ರಶ್ನೆ ಕಳಿಸುವುದೇ ಬೇಡ.